ಕ್ರೇ-1ನ್ನು ಮೊಬೈಲಿನೊಂದಿಗೆ ತೂಗುವವರಿಗೆ

ಸೂಪರ್ ಕಂಪ್ಯೂಟರಿನ ಇತಿಹಾಸದ ಬಗ್ಗೆ ಬರುವ ಪತ್ರಗಳಲ್ಲಿ ಅವೇ ಐದಾರು ಪ್ರಶ್ನೆಗಳು ಊರು, ಹೆಸರು ಬದಲಾಯಿಸಿಕೊಂಡು ಬರುತ್ತಲೇ ಇರುತ್ತವೆ. ಒಂದಕ್ಕೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಅಷ್ಟು ಜಾಗ ಕೊಡುವ ಅಗತ್ಯ ಕಾಣುವುದಿಲ್ಲ. ಕಂಪ್ಯೂಟರ್ ಎಂದರೇನು, ಮೆಮೊರಿ ಎಂದರೇನು ಎಂಬಲ್ಲಿಂದ ಆರಂಭಿಸಲಾರೆ.

ಪ್ರಶ್ನೆ: 1976ರ ಕ್ರೇ-1 ಸೂಪರ್ ಕಂಪ್ಯೂಟರಿಗಿಂತ ನನ್ನ ಮೊಬೈಲ್ ಎಷ್ಟೋ ಪಟ್ಟು ವೇಗವಾಗಿದೆ. ಹಾಗಿರುವಾಗ ಐದೂವರೆ ಟನ್ ತೂಕದ ಆ ಯಂತ್ರವನ್ನು ಈಗಲೂ ಏಕೆ ಹೊಗಳುತ್ತಾರೆ? (ಇಂಜಿನಿಯರಿಂಗ್ ವಿದ್ಯಾರ್ಥಿ, ಹಾಸನ)

ವೇಗದ ಮಾತು ನಿಜ. ಕ್ರೇ-1ರ ಗರಿಷ್ಠ ವೇಗ ಸೆಕೆಂಡಿಗೆ 16 ಕೋಟಿ ಲೆಕ್ಕ, ಮೆಮೊರಿ 8 ಮೆಗಾಬೈಟ್. ಆದರೆ ನಿಮ್ಮ ಮೊಬೈಲ್ ಇಂದು ಬಳಸುವ ಉಪಾಯಗಳಲ್ಲಿ ಕೆಲವನ್ನು ಆ ಯಂತ್ರವೇ ಗೆಲ್ಲಿಸಿ ತೋರಿಸಿತು. ಅದು ಗೊತ್ತಿಲ್ಲದೆ ಹೋಲಿಕೆ ಮಾಡಿದರೆ ಪ್ರಯೋಜನವಿಲ್ಲ.

ಈ ಯಂತ್ರವನ್ನು ರೂಪಿಸಿದ ಸೀಮೋರ್ ಕ್ರೇ 1972ರಲ್ಲಿ ಕಂಟ್ರೋಲ್ ಡೇಟಾ ಕಂಪನಿಯನ್ನು ಬಿಟ್ಟು, ವಿಸ್ಕಾನ್ಸಿನ್‌ನ ಚಿಪ್ಪೆವಾ ಫಾಲ್ಸ್ ಎಂಬ ತಮ್ಮ ಹುಟ್ಟೂರಿನಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಅದೇ ಕಾಲದಲ್ಲಿ ಹಳೆಯ ಕಂಪನಿ ಸ್ಟಾರ್-100 ಎಂಬ ಯಂತ್ರವನ್ನು ಹೊರತಂದಿತ್ತು. ಒಂದೊಂದೇ ಸಂಖ್ಯೆಯ ಬದಲು ಸಂಖ್ಯೆಗಳ ಉದ್ದನೆಯ ಸಾಲನ್ನೇ ಒಂದೇ ಆದೇಶದಲ್ಲಿ ಕೂಡಿಸುವ, ಗುಣಿಸುವ ಯಂತ್ರ ಅದು. ಇದಕ್ಕೆ ವೆಕ್ಟರ್ ವಿಧಾನ ಎನ್ನುತ್ತಾರೆ. ಕಾಗದದ ಮೇಲೆ ಅದು ಮಹಾವೇಗಿ. ಆದರೆ ಪ್ರಯೋಗಾಲಯದ ನಿಜವಾದ ಪ್ರೋಗ್ರಾಂಗಳನ್ನು ಓಡಿಸಿದಾಗ ನಿರಾಸೆಯಾಯಿತು. ಪ್ರತಿ ಸಾಲಿನ ಲೆಕ್ಕಕ್ಕೂ ಅದು ಸಂಖ್ಯೆಗಳನ್ನು ಮೆಮೊರಿಯಿಂದ ತಂದು, ಉತ್ತರವನ್ನು ಮತ್ತೆ ಮೆಮೊರಿಗೇ ಒಯ್ದು ಇಡುತ್ತಿತ್ತು. ಹೀಗೆ ಹೊರಡುವ ಸಿದ್ಧತೆಗೇ ಬಹಳ ಸಮಯ ಹೋಗುತ್ತಿತ್ತು, ಸಾಲು ಚಿಕ್ಕದಾದರೆ ಲಾಭವೇ ಇಲ್ಲ. ಬಿಡಿ ಸಂಖ್ಯೆಗಳ ಲೆಕ್ಕದಲ್ಲಂತೂ ಅದು ಅದೇ ಕಂಪನಿಯ ಹಳೆಯ 7600 ಎಂಬ ಯಂತ್ರಕ್ಕಿಂತ ಹಿಂದಿತ್ತು.

ಮದುವೆ ಮನೆಯ ಅಡುಗೆಯವರನ್ನು ನೆನೆಸಿಕೊಳ್ಳಿ. ಸಾಸಿವೆಗೊಮ್ಮೆ, ಇಂಗಿಗೊಮ್ಮೆ ಉಗ್ರಾಣಕ್ಕೆ ಓಡುವವರು ಎಷ್ಟೇ ಚುರುಕಾಗಿದ್ದರೂ ಪಂಕ್ತಿಯ ಹೊತ್ತಿಗೆ ಅಡುಗೆ ಮುಗಿಯುವುದಿಲ್ಲ. ಕ್ರೇ ಒಲೆಯ ಪಕ್ಕದಲ್ಲೇ ಡಬ್ಬಿಗಳನ್ನು ಇಟ್ಟರು. ಎಂಟು ವೆಕ್ಟರ್ ರಿಜಿಸ್ಟರುಗಳು, ಒಂದೊಂದರಲ್ಲಿ 64 ಸಂಖ್ಯೆಗಳು. ಒಮ್ಮೆ ತುಂಬಿಕೊಂಡರೆ ಮೆಮೊರಿಯ ಕಡೆ ನೋಡದೆ ಅಲ್ಲೇ ಹಲವು ಲೆಕ್ಕ ಮುಗಿಸಬಹುದು. ಇನ್ನೂ ಜಾಣತನದ ಸಂಗತಿಯೆಂದರೆ, ಗುಣಾಕಾರದಿಂದ ಹೊರಬಂದ ಸಂಖ್ಯೆ ಸಾಲು ಪೂರ್ತಿಯಾಗುವವರೆಗೆ ಕಾಯದೆ ನೇರವಾಗಿ ಸಂಕಲನದ ಘಟಕಕ್ಕೆ ಹರಿಯುತ್ತಿತ್ತು. 80 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 8 ಕೋಟಿ ಬಡಿತದ ಗಡಿಯಾರ ಇಟ್ಟುಕೊಂಡು 16 ಕೋಟಿ ಲೆಕ್ಕದ ವೇಗ ಬಂದದ್ದು ಹೀಗೆ, ಒಂದು ಬಡಿತಕ್ಕೆ ಎರಡು ಲೆಕ್ಕ. ಬಿಡಿ ಸಂಖ್ಯೆಗಳ ಲೆಕ್ಕವನ್ನೂ ಕ್ರೇ ಕಡೆಗಣಿಸಲಿಲ್ಲ. ಪ್ರೋಗ್ರಾಮಿನ ಹತ್ತರಲ್ಲಿ ಒಂದು ಭಾಗ ನಿಧಾನವಾಗಿದ್ದರೆ ಉಳಿದ ಒಂಬತ್ತು ಭಾಗ ಎಷ್ಟೇ ಓಡಿದರೂ ಒಟ್ಟು ವೇಗ ಹತ್ತು ಪಟ್ಟನ್ನು ದಾಟುವುದಿಲ್ಲ. ಜಾಹೀರಾತಿನ ಗರಿಷ್ಠ ವೇಗವನ್ನು ಹಿಡಿದು ವಾದಿಸುವವರು ಈ ಒಂದು ಲೆಕ್ಕವನ್ನು ಮಾಡಿ ನೋಡಲಿ.

ಇನ್ನು ತಂತಿ. ಒಂದು ಬಡಿತಕ್ಕೆ ಸಿಗುವ ಸಮಯ 12.5 ನ್ಯಾನೊಸೆಕೆಂಡ್. ಅಷ್ಟರಲ್ಲಿ ಬೆಳಕೇ ಸಾಗುವ ದೂರ ಮೂರೂಮುಕ್ಕಾಲು ಮೀಟರ್, ತಂತಿಯಲ್ಲಿ ಸಂಕೇತ ಅದಕ್ಕಿಂತಲೂ ನಿಧಾನ. ಆದ್ದರಿಂದ ಯಾವ ತಂತಿಯೂ ನಾಲ್ಕು ಅಡಿ ಮೀರದಂತೆ, ಹನ್ನೆರಡು ಕಂಬಗಳನ್ನು ಮುಕ್ಕಾಲು ವೃತ್ತದಲ್ಲಿ ನಿಲ್ಲಿಸಿದರು. ಸಂಕೇತಗಳು ಸರಿಯಾದ ಕ್ಷಣಕ್ಕೆ ತಲುಪಬೇಕಾದ್ದರಿಂದ ಪ್ರತಿ ತಂತಿಯನ್ನೂ ಅಳೆದು ಕತ್ತರಿಸಿ ಕೈಯಿಂದಲೇ ಜೋಡಿಸಬೇಕಿತ್ತು. ತಿಂಗಳುಗಟ್ಟಲೆ ಕುಳಿತು ಆ ಕೆಲಸ ಮಾಡಿದವರು ಚಿಪ್ಪೆವಾ ಫಾಲ್ಸ್‌ನ ಕಾರ್ಖಾನೆಯ ಮಹಿಳೆಯರು. ಕ್ರೇ ಅವರ ಪ್ರತಿಭೆಯ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಕೈಗಳಿಗೆ ಒಂದು ಸಾಲನ್ನೂ ಕೊಡದಿರುವುದು ನನಗೆ ಪ್ರತಿ ಬಾರಿಯೂ ಬೇಸರ ತರುತ್ತದೆ.

ಎಲ್ಲವನ್ನೂ ಇಷ್ಟು ಹತ್ತಿರ ಒತ್ತಿದರೆ ಶಾಖ ಎಲ್ಲಿ ಹೋಗಬೇಕು? ಯಂತ್ರ ಬಳಸುತ್ತಿದ್ದದ್ದು ಸುಮಾರು 115 ಕಿಲೋವಾಟ್ ವಿದ್ಯುತ್. ಎರಡೆರಡು ಬೋರ್ಡುಗಳ ನಡುವೆ ತಾಮ್ರದ ತಗಡು, ಅದರ ಅಂಚಿನಲ್ಲಿ ಫ್ರಿಯಾನ್ ಎಂಬ ತಂಪುಕಾರಕ ಹರಿಯುವ ಕೊಳವೆಗಳು. ಮೊದಲ ಯಂತ್ರದಲ್ಲಿ ಫ್ರಿಯಾನ್ ಜೊತೆ ಬೆರೆತ ಎಣ್ಣೆ ಸೋರಿ ಬೋರ್ಡುಗಳ ಮೇಲೆ ಹರಡಿತು. ಕೊಳವೆಗಳ ಬೆಸುಗೆಯ ವಿಧಾನವನ್ನೇ ಹೊಸದಾಗಿ ರೂಪಿಸಬೇಕಾಯಿತು, ತಿಂಗಳುಗಳು ಕಳೆದುಹೋದವು. ಶಾಖ ಸಾಗಿಸುವುದು ಲೆಕ್ಕ ಮಾಡುವಷ್ಟೇ ದೊಡ್ಡ ಸಮಸ್ಯೆ ಎಂದು ಅಂದೇ ಗೊತ್ತಾಯಿತು. ವಿಡಿಯೊ ನೋಡುತ್ತಾ ಮೊಬೈಲ್ ಬಿಸಿಯಾಗಿ ನಿಧಾನವಾಗುತ್ತದಲ್ಲ, ಅದೂ ಇದೇ ಸಮಸ್ಯೆ.

ಒಂದನೇ ಕ್ರಮಾಂಕದ ಯಂತ್ರ 1976ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಅಣ್ವಸ್ತ್ರ ಪ್ರಯೋಗಾಲಯಕ್ಕೆ ಆರು ತಿಂಗಳ ಪರೀಕ್ಷೆಗೆಂದು ಹೋಯಿತು. ಆ ಅವಧಿಯಲ್ಲಿ ಅದರ ಮೆಮೊರಿಯಲ್ಲಿ 152 ಬಾರಿ ದೋಷ ಕಂಡುಬಂತು. ಎಲ್ಲೋ ಒಂದು ಬಿಟ್ (0 ಅಥವಾ 1) ತನ್ನಷ್ಟಕ್ಕೆ ತಿರುವುಮುರುವಾಗುತ್ತಿತ್ತು. ಎತ್ತರದ ಊರು ಅದು, ವಿಶ್ವಕಿರಣಗಳಿಂದ ಹುಟ್ಟುವ ನ್ಯೂಟ್ರಾನ್‌ಗಳ ಹೊಡೆತ ಅಲ್ಲಿ ಹೆಚ್ಚು ಎಂಬ ವಿವರಣೆ ಎಷ್ಟೋ ಕಾಲದ ಮೇಲೆ ಬಂತು. ಮುಂದಿನ ಯಂತ್ರಗಳಲ್ಲಿ ಪ್ರತಿ 64 ಬಿಟ್‌ಗೆ 8 ಕಾವಲು ಬಿಟ್‌ಗಳನ್ನು ಸೇರಿಸಿ, ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುವ ಏರ್ಪಾಟು ಮಾಡಿದರು. ಈ ವಿಷಯದಲ್ಲಿ ನಾನು ಹಟವಾದಿ. ನಮ್ಮ ಮನೆಗಳ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲಿಗೆ ಇಂದಿಗೂ ಈ ತಿದ್ದುಪಡಿ ವ್ಯವಸ್ಥೆ ಇಲ್ಲ. ಅಂಥ ಯಂತ್ರದಲ್ಲಿ ಒಮ್ಮೆ ಓಡಿಸಿದ ದೀರ್ಘ ಲೆಕ್ಕದ ಉತ್ತರವನ್ನು ಇನ್ನೊಮ್ಮೆ ಓಡಿಸಿ ತಾಳೆ ನೋಡದೆ ನಾನು ಎಲ್ಲಿಯೂ ಪ್ರಕಟಿಸುವುದಿಲ್ಲ, ನನ್ನ ವಿದ್ಯಾರ್ಥಿಗಳಿಗೂ ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿ ಅದು ಏನನ್ನು ಲೆಕ್ಕ ಹಾಕಿತು? ಅಮೆರಿಕದ ವಾಯುಮಂಡಲ ಸಂಶೋಧನಾ ಕೇಂದ್ರ 1977ರಲ್ಲಿ 88 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಮೂರನೆಯ ಯಂತ್ರವನ್ನು ಕೊಂಡು 1989ರವರೆಗೆ ದುಡಿಸಿತು. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಯುರೋಪಿನ ಹವಾಮಾನ ಮುನ್ಸೂಚನಾ ಕೇಂದ್ರ 1979ರ ಆಗಸ್ಟ್ 1ರಂದು ಹತ್ತು ದಿನಗಳವರೆಗಿನ ಮುನ್ಸೂಚನೆಯನ್ನು ನಿಯಮಿತವಾಗಿ ಆರಂಭಿಸಿದ್ದು ಕ್ರೇ-1ರ ಮೇಲೆಯೇ. ಇಡೀ ಭೂಮಿಯ ವಾತಾವರಣವನ್ನು ಎತ್ತರದಲ್ಲಿ 15 ಪದರಗಳಾಗಿ ಸೀಳಿ, ಸುಮಾರು ಇನ್ನೂರು ಕಿಲೋಮೀಟರಿಗೊಂದು ಬಿಂದುವಿನಂತೆ ಲೆಕ್ಕ. 8 ಮೆಗಾಬೈಟಿನಲ್ಲಿ ಅದು ಹಿಡಿಸಲು ಸಾಧ್ಯವಿರಲಿಲ್ಲ. ಹಾಗಾಗಿ ಭೂಗೋಳವನ್ನು ಅಕ್ಷಾಂಶದ ಪಟ್ಟಿಗಳಾಗಿ ಡಿಸ್ಕ್‌ನಲ್ಲಿಟ್ಟು, ಕೆಲವನ್ನು ತಂದು, ಲೆಕ್ಕ ಮಾಡಿ, ವಾಪಸು ಇಟ್ಟು, ಮುಂದಿನದನ್ನು ತರುತ್ತಿದ್ದರು. ನಿಮ್ಮ ಮೊಬೈಲಿಗೆ ಸಾವಿರ ಪಟ್ಟು ಹೆಚ್ಚು ಮೆಮೊರಿ ಇದೆ. ಅದರಲ್ಲಿ ಯಾವ ಲೆಕ್ಕವನ್ನು ಬರೆದು ಓಡಿಸಿದ್ದೀರಿ ಎಂದು ಮುಂದಿನ ಪತ್ರದಲ್ಲಿ ತಿಳಿಸಿ.

ಪ್ರಶ್ನೆ: ಯಂತ್ರ ಇಂಗ್ಲಿಷಿನ ‘ಸಿ’ ಆಕಾರದಲ್ಲಿದ್ದದ್ದು ಕ್ರೇ ಅವರ ಹೆಸರಿಗಾಗಿಯೇ?

ಅಲ್ಲ. ತಂತಿಯ ಉದ್ದಕ್ಕಾಗಿ, ಮೇಲೆ ಹೇಳಿದ್ದೇನೆ. ಸುತ್ತಲಿನ ಮೆತ್ತನೆಯ ಆಸನವೂ ಅಲಂಕಾರಕ್ಕಲ್ಲ, ಅದರೊಳಗೆ ವಿದ್ಯುತ್ ಪೂರೈಕೆಯ ಘಟಕಗಳಿದ್ದವು.

ಪ್ರಶ್ನೆ: ಸೂಪರ್ ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮ ಭಾಷೆ ಎಂದು ನಾಸಾ ಹೇಳಿದೆಯಂತೆ?

ಹೇಳಿಲ್ಲ. 1985ರಲ್ಲಿ ಅಲ್ಲಿನ ಕೇಂದ್ರವೊಂದರ ಸಂಶೋಧಕರೊಬ್ಬರು ಜ್ಞಾನವನ್ನು ಯಂತ್ರದಲ್ಲಿ ನಿರೂಪಿಸುವ ಬಗೆ ಕುರಿತು ಬರೆದ ಲೇಖನವನ್ನು ಓದದೆಯೇ ಹಬ್ಬಿಸಿದ ಮಾತು ಇದು. ಕ್ರೇ-1ರ ವಿಜ್ಞಾನಿಗಳು ಬರೆಯುತ್ತಿದ್ದದ್ದು ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಪಾಣಿನಿಗೆ ಇಂಥ ಸುಳ್ಳು ಪ್ರಶಸ್ತಿಪತ್ರದ ಅಗತ್ಯವಿಲ್ಲ.

ಪ್ರಶ್ನೆ: ಅಮೆರಿಕ ಕ್ರೇ ಕೊಡಲಿಲ್ಲ, ಅದಕ್ಕೇ ನಾವು ಪರಮ್ ಸೂಪರ್ ಕಂಪ್ಯೂಟರ್ ಕಟ್ಟಿದೆವು. ಇದು ನಿಜವೇ?

ಅರ್ಧ ನಿಜ. ಕ್ರೇ-1ರ ನಂತರದ ಎಕ್ಸ್-ಎಂಪಿ ಯಂತ್ರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಡಲು ಅವರು ಒಪ್ಪಲಿಲ್ಲ. ಆದರೆ ದೆಹಲಿಯ ಹವಾಮಾನ ಕೇಂದ್ರಕ್ಕೆ ಅದರದೇ ಒಂದು ಚಿಕ್ಕ ಮಾದರಿ ಬಂದೇ ಬಂತು. 1991ರ ಪರಮ್ 8000ರ ಒಳಗಿದ್ದ ಟ್ರಾನ್ಸ್‌ಪ್ಯೂಟರ್ ಚಿಪ್‌ಗಳು ಬ್ರಿಟನ್ನಿನ ಕಂಪನಿಯವು. ಅವುಗಳನ್ನು ಒಟ್ಟಿಗೆ ದುಡಿಸಿದ್ದು ನಮ್ಮವರ ಸಾಧನೆ, ಅದನ್ನು ಉಬ್ಬಿಸದೆಯೇ ಗೌರವಿಸಬಹುದು. ಪರಮ್ ಕಟ್ಟಿದ ಪುಣೆಯ ಸಿ-ಡ್ಯಾಕ್ ಸಂಸ್ಥೆ ಹುಟ್ಟುವ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದವರು ದ್ರವಚಲನೆಯ ಲೆಕ್ಕಕ್ಕಾಗಿ ಫ್ಲೋಸಾಲ್ವರ್ ಎಂಬ ಸಮಾಂತರ (ಹಲವು ಪ್ರೊಸೆಸರುಗಳು ಒಟ್ಟಿಗೆ ದುಡಿಯುವ) ಕಂಪ್ಯೂಟರನ್ನು ಕಟ್ಟಿದ್ದರು. ಈ ಪ್ರಶ್ನೆ ಕೇಳಿದ ಹದಿನೇಳು ಮಂದಿಯಲ್ಲಿ ಒಬ್ಬರೂ ಅದರ ಹೆಸರೆತ್ತಿಲ್ಲ.

ಪ್ರಶ್ನೆ: ‘ಸೂಪರ್ ಕಂಪ್ಯೂಟರ್ ಆಧಾರಿತ’ ಎಂದು ಹೇಳಿ ಮೂರು ತಿಂಗಳ ಮುಂಚೆಯೇ ಮಳೆಯ ದಿನ ತಿಳಿಸುವವರಿದ್ದಾರೆ. ಮಗಳ ಮದುವೆಗೆ ದಿನ ನಿಗದಿಪಡಿಸಬೇಕು, ಹಣ ಕೊಡಬಹುದೇ?

ಕೊಡಬೇಡಿ. ಆರಂಭದ ಸಣ್ಣ ತಪ್ಪು ದಿನದಿಂದ ದಿನಕ್ಕೆ ಬೆಳೆಯುತ್ತದೆ ಎಂದು ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಜ್ 1963ರಲ್ಲೇ ತೋರಿಸಿದ್ದಾರೆ. ಎರಡು ವಾರ ದಾಟಿದ ಮೇಲೆ ಇಂಥ ದಿನ ಇಂಥ ಊರಿನಲ್ಲಿ ಮಳೆ ಎಂದು ಹೇಳುವವರು ವಂಚಕರು, ಯಾವ ಯಂತ್ರದ ಹೆಸರು ಹೇಳಿದರೂ ಸರಿ. ನಾನಂತೂ ಏಳು ದಿನದಾಚೆಯ ಮಳೆಯ ಅಂಕಿಯನ್ನು ನಂಬಿ ಬಟ್ಟೆ ಒಣಗಿಸುವುದೂ ಇಲ್ಲ. ಛತ್ರವನ್ನೇ ಗೊತ್ತುಮಾಡಿ.

ಪ್ರಶ್ನೆ: ಹಳೆಯ ಕಂಪ್ಯೂಟರ್ ಬೋರ್ಡುಗಳಿಂದ ಮನೆಯಲ್ಲೇ ಚಿನ್ನ ತೆಗೆಯುವ ವಿಡಿಯೊ ನೋಡಿದೆ. ಮಾಡಬಹುದೇ?

ಚಿನ್ನ ಬೇರ್ಪಡಿಸಲು ಬಳಸುವ ನೈಟ್ರಿಕ್ ಆಮ್ಲದ ಹೊಗೆ ಶ್ವಾಸಕೋಶವನ್ನು ಸುಡುತ್ತದೆ, ಕೆಲವೊಮ್ಮೆ ಗಂಟೆಗಳ ನಂತರ. ಮಾಡಬೇಡಿ. ಇದೇ ಪ್ರಶ್ನೆಯನ್ನು ಮತ್ತೆ ಕಳುಹಿಸಲೂಬೇಡಿ.

ಪ್ರಶ್ನೆ: ಕ್ರೇ-1ನ್ನು ಈಗ ನೋಡಬಹುದೇ?

ಲಂಡನ್ನಿನ ವಿಜ್ಞಾನ ಸಂಗ್ರಹಾಲಯ, ಮ್ಯೂನಿಕ್‌ನ ಜರ್ಮನ್ ಸಂಗ್ರಹಾಲಯ, ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯಗಳಲ್ಲಿ ಇದೆ. ಎಲ್ಲರೂ ಮುಂದಿನಿಂದ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ನೀವು ವೃತ್ತ ತೆರೆದಿರುವ ಕಡೆಗೆ ಹೋಗಿ ಒಳಗೆ ಇಣುಕಿ. ಆ ಮಹಿಳೆಯರು ಒಂದೊಂದಾಗಿ ಜೋಡಿಸಿದ ತಂತಿಗಳು ಇರುವುದು ಅಲ್ಲಿ.