ಮಾಡೆಲ್ ನಿಂತರೆ ದೋಣಿ ಮುಳುಗುತ್ತಾ?

ಈ ತಿಂಗಳೂ ಅದೇ ಪ್ರಶ್ನೆ: ಕಂಪನಿ ಮಾಡೋದು ನಿಲ್ಲಿಸಿದ ದೋಣಿ ಇಟ್ಟುಕೊಳ್ಳಲಾ, ಬಿಡಲಾ? ಊರು ಬೇರೆ, ಅಕ್ಷರ ಬೇರೆ, ಗಾಬರಿ ಒಂದೇ. ಹಾಗಾಗಿ ಸಿದ್ದಾಪುರ ಕಡೆಯ ಈ ಪತ್ರಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ತೋಟದ ಕೆರೆಯಲ್ಲಿ ಮೀನು ಹಿಡಿಯೋಕೆ ಅಂತ ದೊಡ್ಡಪ್ಪ ಹೊರದೇಶದಿಂದ ತರಿಸಿದ 12 ಅಡಿ ಅಲ್ಯೂಮಿನಿಯಂ ದೋಣಿ ನಮ್ಮಲ್ಲಿದೆ. ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ್ದು. ಆ ಮಾಡೆಲನ್ನು ಕಂಪನಿ ನಿಲ್ಲಿಸಿದೆಯಂತೆ. ತಳದಲ್ಲಿ ನೀರು ಜಿನುಗುತ್ತಿದೆ. ಇನ್ನು ಪಾರ್ಟ್ ಸಿಗಲ್ಲ, ಗುಜರಿಗೆ ಹಾಕಿ ಅಂತಾರೆ. ಏನು ಮಾಡಲಿ ಸರ್?

ಉತ್ತರ: ಹಾಗಂದವರಿಗೆ ಗುಜರಿ ಅಂಗಡಿ ಇರಬೇಕು. ಯಾವ ಪಾರ್ಟ್ ಬೇಕು ನಿಮಗೆ? ಆ ದೋಣಿ ಅಂದರೆ ಬಗ್ಗಿಸಿದ ತಗಡು, ಸಾಲು ರಿವೆಟ್, ಹಿಂದೆ ಎಂಜಿನ್ ಕೂರೋಕೆ ಒಂದು ಹಲಗೆ. ಅಷ್ಟೇ. ಕಂಪನಿ ನಿಲ್ಲಿಸೋದು ದೋಣಿ ಕೆಟ್ಟದ್ದು ಅಂತಲ್ಲ. ಚಿಕ್ಕದಕ್ಕೂ ಅಚ್ಚು ಬೇಕು, ಆಳು ಬೇಕು, ಪರೀಕ್ಷೆ ಬೇಕು. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಔಟ್‌ಬೋರ್ಡ್ ದೋಣಿ, ಅಂದರೆ ಹಿಂದೆ ಹೊರಗಡೆ ಎಂಜಿನ್ ಸಿಕ್ಕಿಸುವ ದೋಣಿ, ನೀರು ತುಂಬಿದರೂ ತೇಲಲೇಬೇಕು ಅಂತ ನಿಯಮವಿದೆ. ಆಮದು ಅಲ್ಯೂಮಿನಿಯಂ ಮೇಲೆ ಅಲ್ಲಿ 2018ರಲ್ಲಿ ಶೇ 10 ಸುಂಕ ಹಾಕಿದರು, 2025ರಲ್ಲಿ ಅದು 25 ಆಗಿ ಆಮೇಲೆ 50 ಆಯಿತು. ಅಷ್ಟೆಲ್ಲ ಮಾಡಿ ಚಿಕ್ಕ ದೋಣಿಯಲ್ಲಿ ಉಳಿಯೋದು ಚಿಲ್ಲರೆ. ದೊಡ್ಡದು ಮಾಡಿದರೆ ನಾಲ್ಕು ಕಾಸು ಕಾಣುತ್ತದೆ.

ಎಂಜಿನ್ ಮಾಡೋದನ್ನೇ ಕಂಪನಿ ನಿಲ್ಲಿಸಿದರೆ ಮಾತ್ರ ಚಿಂತೆ ಮಾಡಿ. 2020ರಲ್ಲಿ ಎವಿನ್‌ರೂಡ್ ಅನ್ನೋ ಬ್ರ್ಯಾಂಡಿನ ಔಟ್‌ಬೋರ್ಡ್ ಎಂಜಿನ್ ತಯಾರಿ ನಿಂತಿತು. ಅಂಥದ್ದಿದ್ದವರು ಬಿಡಿಭಾಗ ಹುಡುಕಬೇಕಾಗುತ್ತದೆ. ಆದರೂ ದೋಣಿ ಎಸೆಯಬೇಕಿಲ್ಲ. ಹಿಂದಿನ ಹಲಗೆಯ ಎತ್ತರ ಅಳೆಯಿರಿ. 15 ಇಂಚಿನ ಹತ್ತಿರ ಇದ್ದರೆ ಶಾರ್ಟ್ ಶಾಫ್ಟ್ (ಗಿಡ್ಡ ಕಾಲಿನ) ಎಂಜಿನ್, 20 ಇದ್ದರೆ ಲಾಂಗ್. ಬೇರೆ ಕಂಪನಿಯದ್ದೂ ಕೂರುತ್ತದೆ.

ಇನ್ನು ಜಿನುಗೋದು. ದೋಣಿಯನ್ನು ಎರಡು ಮರದ ಕುದುರೆ (ಬಡಗಿಯ ಸ್ಟ್ಯಾಂಡು) ಮೇಲೆ ಭದ್ರವಾಗಿ ಕೂರಿಸಿ, ಒಳಗೆ ನಾಲ್ಕು ಇಂಚು ನೀರು ಬಿಡಿ. ಅಡಿಯಲ್ಲಿ ಕೂತು ನೋಡಿ. ಹನಿ ಕಂಡಲ್ಲೆಲ್ಲ ಮಾರ್ಕರ್‌ನಲ್ಲಿ ಸುತ್ತು ಹಾಕಿ. ನೀರು ಚೆಲ್ಲಿ, ಒಬ್ಬರು ರಿವೆಟ್‌ನ ತಲೆಗೆ ದಪ್ಪ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಿರಿ, ಇನ್ನೊಬ್ಬರು ಒಳಗಿಂದ ಸುತ್ತಿಗೆಯಲ್ಲಿ ಹದವಾಗಿ ಬಡಿಯಿರಿ. ಮುಕ್ಕಾಲು ಪಾಲು ಅಲ್ಲೇ ನಿಲ್ಲುತ್ತದೆ. ಸವೆದ ರಿವೆಟ್ ಬದಲಿಸೋದಾದರೆ ನಡುವೆ ತೂತಿಲ್ಲದ ಗಟ್ಟಿ ರಿವೆಟ್ಟೇ ಹಾಕಿ. ಅಂಗಡಿಯ ಮಾಮೂಲಿ ಪಾಪ್ ರಿವೆಟ್‌ಗೆ ನಡುವೆ ತೂತು ಇರುತ್ತದೆ, ನೀರು ಅದರೊಳಗಿಂದಲೇ ಬರುತ್ತದೆ. ಗೇಟು ಮಾಡುವ ವೆಲ್ಡರ್ ಹತ್ತಿರ ದಯವಿಟ್ಟು ಒಯ್ಯಬೇಡಿ. ಕಬ್ಬಿಣ ಕೆಂಪಾಗಿ ಮುನ್ಸೂಚನೆ ಕೊಡುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸೋದೇ ಇಲ್ಲ, 660 ಡಿಗ್ರಿ ಹತ್ತಿರ ಬಂತೋ, ಸೀದಾ ಕರಗಿ ಬಿದ್ದುಬಿಡುತ್ತದೆ. ಸಾಸಿವೆಯಷ್ಟಿದ್ದ ತೂತು ನಿಂಬೆಹಣ್ಣಿನಷ್ಟಾಗಿ ನನ್ನ ಹತ್ತಿರ ಬಂದದ್ದಿದೆ.

ಈಗ ನೀವು ಬರೆಯದೇ ಬಿಟ್ಟದ್ದು. ದೋಣಿ ಇಡೋದು ಎಲ್ಲಿ? ಗೊಬ್ಬರದ ಗೋಡೌನಿನಲ್ಲಿ ಅಲ್ವಾ?

ಮೊನ್ನೆ ಒಂದು ತೋಟಕ್ಕೆ ಹೋಗಿದ್ದೆ. ದೋಣಿ ಅಂಗಾತ ಇತ್ತು, ಅದರೊಳಗೆ ಬೋರ್ಡೋ (ಬೆಳೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಮದ್ದು) ಕಲಸುವ ಡ್ರಮ್ಮು, ತಾಮ್ರದ ಉಪ್ಪಾದ ಮೈಲುತುತ್ತದ ಅರ್ಧ ಚೀಲ. ಚೀಲದ ಮೂಲೆ ಒದ್ದೆಯಾಗಿ ನೀಲಿ ನೀರು ಪಕ್ಕೆಲುಬಿನ ಸಂದಿಗೆ ಇಳಿದಿತ್ತು. ಬಿಳಿ ಹಿಟ್ಟಿನಂಥ ಗಂಟುಗಳು. ಸ್ಕ್ರೂಡ್ರೈವರ್‌ನಲ್ಲಿ ಕೆರೆದೆ, ತುದಿ ಆಚೆ ಬಂತು. ತೋಟದ ಲೆಕ್ಕ ಬರೆಯುವ ರೈಟರ್ ಹೇಳುತ್ತಾನೆ, ‘ಹಳೇ ಮಾಡೆಲ್ ಅಲ್ವಾ ಸರ್.’

ಮಾಡೆಲ್ ಅಲ್ಲ ಮಾರಾಯ. ಬೋರ್ಡೋ ಕಲಸಿ ಚಾಕು ಅದ್ದಿ ನೋಡುತ್ತೀರಲ್ಲ, ಕೆಂಪಾದರೆ ಸುಣ್ಣ ಸಾಲದು ಅಂತ? ಆ ಕೆಂಪು ತಾಮ್ರ. ಚಾಕುವಿನ ಕಬ್ಬಿಣ ಕರಗಿ ಅದರ ಜಾಗಕ್ಕೆ ಬಂದು ಕೂತದ್ದು. ಅಲ್ಯೂಮಿನಿಯಂಗೂ ಅದೇ ಗತಿ. ಜೊತೆಗೆ ಒದ್ದೆ ಸುಣ್ಣವೂ ಅದನ್ನು ತಿನ್ನುತ್ತದೆ. ಕಾಳುಮೆಣಸಿಗೆ ಅಮೃತ ಆಗಿರೋದು ದೋಣಿಗೆ ವಿಷ. ತಾಮ್ರದ ಹಳೇ ಕಾಸು, ಗಾಳದ ಸೀಸದ ಗುಂಡು ಒದ್ದೆ ತಳದಲ್ಲಿ ಬಿದ್ದಿದ್ದರೂ ತೆಗೆಯಿರಿ, ಅವೂ ನಿಧಾನವಾಗಿ ಕೊರೆಯುತ್ತವೆ. ಹಿಂದಿನ ಹಲಗೆ ಕೊಳೆತು ಬದಲಿಸಿದರೆ ಹೊಸ ಪ್ಲೈವುಡ್‌ನ ಮುಖ, ಅಂಚು, ತೂತು ಎಲ್ಲಕ್ಕೂ ಎಪಾಕ್ಸಿ (ನೀರು ತಡೆಯುವ ಅಂಟು) ಬಳಿದೇ ಕೂರಿಸಿ. ಮರಕ್ಕೆ ಕುಡಿಸಿದ ಮದ್ದಿನಲ್ಲೂ ತಾಮ್ರ ಇರಬಹುದು. ದೋಣಿಯನ್ನು ತೊಳೆದು, ಬೋರಲು ಹಾಕಿ, ಮರದ ತುಂಡಿನ ಮೇಲೆ, ಬೇರೆ ಶೆಡ್ಡಿನಲ್ಲಿಡಿ. ಅದಕ್ಕೆ ಜಾಗ ಇಲ್ಲ ಅನ್ನೋರು ಮಾರಿಬಿಡೋದೇ ಒಳ್ಳೆಯದು.

ಪ್ರಶ್ನೆ: ಸಂತೆಯಲ್ಲಿ ಒಬ್ಬ ಗ್ಯಾಸ್ ಟಾರ್ಚು, ಕರಗಿಸಿ ಅಂಟಿಸುವ ಒಂದು ಲೋಹದ ಕಡ್ಡಿ ಹಿಡಿದು ಕೋಲಾ ಡಬ್ಬಿಯ ತೂತು ಮುಚ್ಚಿ ತೋರಿಸಿದ. ಕೊಳ್ಳಲಾ?

ಉತ್ತರ: ಡಬ್ಬಿಯಲ್ಲಿ ಕೂತು ಮೀನು ಹಿಡಿಯೋದಾದರೆ ಕೊಳ್ಳಿ.

ಪ್ರಶ್ನೆ: ಸಿಲ್ವರ್ ಪೇಂಟ್ ಹೊಡೆದರೆ ತಗಡು ಗಟ್ಟಿಯಾಗುತ್ತಾ?

ಉತ್ತರ: ಇಲ್ಲ. ತೂತು ಕಾಣೋದಿಲ್ಲ, ಅಷ್ಟೇ.

ಪ್ರಶ್ನೆ: ಹಾರಂಗಿ ಹಿನ್ನೀರಿಗೆ ಇಳಿಸಬಹುದಾ?

ಉತ್ತರ: ಮೀನುಗಾರಿಕೆ ಇಲಾಖೆಯವರನ್ನೂ ಡ್ಯಾಮಿನವರನ್ನೂ ಕೇಳಿ. ನಾನು ರಿಪೇರಿಯವನು.

ಪ್ರಶ್ನೆ: ಈಜು ಚೆನ್ನಾಗಿ ಬರುತ್ತೆ. ಲೈಫ್ ಜಾಕೆಟ್ ಬೇಕಾ?

ಉತ್ತರ: ಬೇಕು. ಜೂನ್ ಹಿಡಿದ ಮೇಲೆ ಹೊಳೆ ಕೆಂಪಗೆ ಹರಿಯುವಷ್ಟು ದಿನ ಜಾಕೆಟ್ ಇದ್ದರೂ ನಾನು ದೋಣಿ ಇಳಿಸೋದಿಲ್ಲ. ರಿಪೇರಿ ಆಗಿದೆಯಾ, ಒಂದು ಸುತ್ತು ಹೋಗಿ ನೋಡೋಣ ಅಂತ ಆಗ ಫೋನ್ ಮಾಡಬೇಡಿ.