ಗಿಡ್ಡ ದಂಟಿಗೆ ದೊಡ್ಡ ಹೂ: ನಿಮ್ಮ ಐರಿಸ್ ಬಗ್ಗೆ

ಎರಡಡಿ ದಂಟಿನ ನಿಮ್ಮ ಬಾರ್ಡರ್ ಬಿಯರ್ಡೆಡ್ ಐರಿಸ್‌ನ (ಕೆಳ ಎಸಳ ಮೇಲೆ ಗಡ್ಡದಂಥ ಕೂದಲಿರುವ, ಮಧ್ಯಮ ಎತ್ತರದ ಐರಿಸ್ ವರ್ಗ) ಹೂ ಐದೂವರೆ ಇಂಚು ಎತ್ತರ, ಆರು ಇಂಚು ಅಗಲ. ಮೇಲಿನ ಎಸಳುಗಳು ತುದಿಯಲ್ಲಿ ಕೂಡಿಕೊಂಡಿಲ್ಲ, ಪ್ರದರ್ಶನಕ್ಕೆ ಇಡಬಹುದೇ ಎಂದು ಕೇಳಿದ್ದೀರಿ.

ಎಸಳು ತೆರೆದಿರುವುದೇ ದೋಷವಲ್ಲ. ನಡುನರ ಗಟ್ಟಿಯಿದ್ದು ನೆಟ್ಟಗೆ ನಿಂತರೆ ಸಾಕು. ಬಿಸಿಲಿಗೆ ಸೋತು ಕುಸಿದರೆ ಮಾತ್ರ ಅಂಕ ಹೋಯಿತು. ಕೆಳಗಿನ ಎಸಳುಗಳ ಬುಡ ಕಿರಿದಾಗಿ ಸಂದಿ ಕಂಡರೆ ಹಳೇ ಕಾಲದ ರೂಪ ಎನ್ನುತ್ತಾರೆ. ನನಗೇನೋ ಅದೂ ಚೆಂದವೇ.

ತೊಡಕಿರುವುದು ಅಳತೆಯಲ್ಲಿ. ಅಮೆರಿಕನ್ ಐರಿಸ್ ಸೊಸೈಟಿಯ ಲೆಕ್ಕದಲ್ಲಿ ಈ ವರ್ಗದ ದಂಟು 16ರಿಂದ 27.5 ಇಂಚು. ಹೂವಿನ ಎತ್ತರ, ಅಗಲ ಎರಡನ್ನೂ ಕೂಡಿಸಿದರೆ 8.5 ಇಂಚು ದಾಟಬಾರದು. ನಿಮ್ಮದು 11.5! ಮಗುವಿನ ತಲೆಗೆ ಅಜ್ಜನ ಪೇಟ ಇಟ್ಟ ಹಾಗಾಯಿತು. ಬಣ್ಣ ಎಷ್ಟೇ ಚೆನ್ನಾಗಿದ್ದರೂ ತೀರ್ಪುಗಾರರು ಇದನ್ನು ಬಿಡುವುದಿಲ್ಲ.

ಅಂದಹಾಗೆ, ಗೆಡ್ಡೆ ಹೊಸದಾಗಿ ನೆಟ್ಟಿದ್ದೇ? ಟಾಲ್ ವರ್ಗದ, ಅಂದರೆ ಇದಕ್ಕಿಂತ ಎತ್ತರದ ದಂಟಿನ, ದೊಡ್ಡ ಹೂವಿನ ಗಿಡವೂ ಮೊದಲ ವರ್ಷ ಗಿಡ್ಡ ದಂಟಿನಲ್ಲೇ ಹೂ ಬಿಡುವುದುಂಟು. ಹೆಸರಿನ ಚೀಟಿ ಅದಲುಬದಲಾಗಿರಬಹುದು ಅಂತ ನನ್ನ ಅನುಮಾನ. ಸಾರಜನಕದ ಗೊಬ್ಬರ ತಗ್ಗಿಸಿ, ಬುಡ ಹಿಂಡುಗಟ್ಟಿದ ಮೇಲೆ ಮತ್ತೊಮ್ಮೆ ಅಳೆದು ನೋಡಿ.