ಹೊಸ ಲೇಖಕರು ವರ್ಲ್ಡ್‌ಕಾನ್‌ಗೆ ಹೋದರೆ ಏನು ಸಿಗುತ್ತದೆ?

ನೀವು ಕೇಳಿರುವುದು ಇಷ್ಟು: ಮೂರ್ನಾಲ್ಕು ವೈಜ್ಞಾನಿಕ ಕಥೆಗಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದಿವೆ, ಪುಸ್ತಕ ಇನ್ನೂ ಆಗಿಲ್ಲ. ಅಷ್ಟು ದುಡ್ಡು ಹಾಕಿ ವರ್ಲ್ಡ್‌ಕಾನ್‌ಗೆ, ಅಂದರೆ ವೈಜ್ಞಾನಿಕ ಕಥೆಗಳ ಓದುಗರು, ಲೇಖಕರು ವರ್ಷಕ್ಕೊಮ್ಮೆ ಸೇರುವ ವಿಶ್ವ ಸಮಾವೇಶಕ್ಕೆ, ಹೋಗಬೇಕಾ, ಅಲ್ಲಿ ಸಂಪಾದಕರು ಸಿಗುತ್ತಾರಾ ಅಂತ.

ಸಿಗುತ್ತಾರೆ. ಆದರೆ ಅದೊಂದಕ್ಕೇ ಹೋಗಬೇಡಿ. ಗೆಳೆಯರು ಇದ್ದರೆ ಹೋಗಿ. ಇಲ್ಲದಿದ್ದರೆ ಮೊದಲು ಗೆಳೆಯರನ್ನು ಮಾಡಿಕೊಂಡು ಆಮೇಲೆ ಹೋಗಿ.

ನಾನು ಹೋಗಿದ್ದು 2024ರ ಗ್ಲಾಸ್ಗೋ ವರ್ಲ್ಡ್‌ಕಾನ್‌ಗೆ. ಆಗಸ್ಟ್ 8ರಿಂದ 12, ಐದು ದಿನ. ವಿಮಾನ, ಹೋಟೆಲ್, ವೀಸಾ, ಸದಸ್ಯತ್ವ ಎಲ್ಲ ಸೇರಿ ಎರಡು ಲಕ್ಷ ದಾಟಿತು. ಎರಡು ವರ್ಷ ಕೂಡಿಟ್ಟ ದುಡ್ಡು ಅದು. ಹೋಗುವಾಗ ನನ್ನ ತಲೆಯಲ್ಲೂ ನಿಮ್ಮ ಲೆಕ್ಕವೇ ಇತ್ತು. ಯಾವ ಸಂಪಾದಕರು ಯಾವ ಪ್ಯಾನೆಲ್‌ನಲ್ಲಿ ಇದ್ದಾರೆ ಅಂತ ಪಟ್ಟಿ ಮಾಡಿಕೊಂಡಿದ್ದೆ.

ನಮ್ಮದು ಐದು ಜನರ ಗುಂಪು. ಪೋಲೆಂಡಿನ ಗೆಳತಿ, ಲೀಡ್ಸ್‌ನಲ್ಲಿ ಪಾಠ ಮಾಡುವ ಮೇಷ್ಟ್ರು, ಮನಿಲಾದ ಒಬ್ಬ ನರ್ಸ್, ಪುಣೆಯ ಹುಡುಗ, ಮತ್ತೆ ನಾನು. 2020ರ ಲಾಕ್‌ಡೌನ್‌ನಲ್ಲಿ ಶುರುವಾದದ್ದು. ಪ್ರತಿ ಶನಿವಾರ ರಾತ್ರಿ ಎಂಟೂವರೆಗೆ, ನಮ್ಮ ಸಮಯ, ವಿಡಿಯೋ ಕಾಲ್‌ನಲ್ಲಿ ಕೂತು ಒಬ್ಬರ ಕಥೆಯನ್ನು ಉಳಿದವರು ಓದಿ ಎಲ್ಲಿ ಸೋತಿದೆ ಅಂತ ಹೇಳುತ್ತಿದ್ದೆವು. ನಾಲ್ಕು ವರ್ಷದಲ್ಲಿ ಎಷ್ಟು ಶನಿವಾರ ಆಯಿತೋ ಲೆಕ್ಕ ಇಟ್ಟಿಲ್ಲ. ಪೋಲೆಂಡಿನವಳ ಅಪ್ಪ ತೀರಿಹೋದಾಗಲೂ ಅವಳು ಮೊದಲು ಹೇಳಿದ್ದು ನಮಗೆ. ಆದರೂ ಎದುರಾಬದುರಾ ಯಾರೂ ಯಾರನ್ನೂ ನೋಡಿರಲಿಲ್ಲ.

ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದಿಂದ ಲೋಕಲ್ ರೈಲು ಹತ್ತಿದರೆ ಕೆಲವೇ ನಿಮಿಷಕ್ಕೆ ಎಕ್ಸಿಬಿಷನ್ ಸೆಂಟರ್ ನಿಲ್ದಾಣ. ಅಲ್ಲಿಂದ ನಡೆದುಕೊಂಡೇ ಸಮಾವೇಶದ ಕಟ್ಟಡಕ್ಕೆ ಹೋಗಬಹುದು. ಪಕ್ಕದಲ್ಲೇ ಕ್ಲೈಡ್ ನದಿ. ಚಿಪ್ಪುಚಿಪ್ಪಾಗಿ ಹೊಳೆಯುವ ಒಂದು ಸಭಾಂಗಣ ಇದೆ, ಅದನ್ನು ಎಲ್ಲರೂ ಆರ್ಮಡಿಲೋ ಅಂತಲೇ ಕರೆಯುತ್ತಾರೆ. ನಾನು ಬ್ಯಾಡ್ಜ್ ತೆಗೆದುಕೊಳ್ಳುವ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ಮಾತಾಡಿದರು. ಮುಖ ನೋಡುವ ಮೊದಲೇ ದನಿ ಗೊತ್ತಾಯಿತು. ಲೀಡ್ಸ್‌ನ ಮೇಷ್ಟ್ರು! ತಿರುಗಿ ನೋಡಿದರೆ ಆರಡಿ ಮೇಲಿದ್ದಾರೆ. ಪರದೆಯಲ್ಲಿ ಎಲ್ಲರೂ ಒಂದೇ ಎತ್ತರ ಅಲ್ವಾ. ಏನೂ ಹೇಳಲು ತೋಚದೆ ಇಬ್ಬರೂ ಸುಮ್ನೆ ಕೈ ಹಿಡಿದುಕೊಂಡು ನಿಂತೆವು.

ಇಷ್ಟಾದರೂ ಮೊದಲ ದಿನ ನಾನು ತಪ್ಪು ಮಾಡಿದೆ. ಗೆಳೆಯರನ್ನು ಊಟದ ಮೇಜಿನಲ್ಲಿ ಬಿಟ್ಟು ಪಟ್ಟಿಯ ಹಿಂದೆ ಓಡಿದೆ. ಒಬ್ಬ ಸಂಪಾದಕರನ್ನು ಪ್ಯಾನೆಲ್ ಮುಗಿದ ಮೇಲೆ ಬಾಗಿಲಲ್ಲಿ ತಡೆದು ನನ್ನ ಕಾದಂಬರಿಯ ಕಥೆ ಹೇಳಲು ಹೋದೆ. ಅವರು ಒಳ್ಳೆಯವರು, ನಿಂತು ಕೇಳಿದರು. ಆದರೆ ಅವರಿಗೆ ಮುಂದಿನ ಕೋಣೆಗೆ ಹೋಗಬೇಕಿತ್ತು, ಊಟ ಆಗಿರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಆ ಹೊತ್ತಿಗೇ ಗೊತ್ತಾಯಿತು, ಇದು ಸಂತೆಯಲ್ಲ ಅಂತ. ಪ್ಯಾನೆಲ್‌ನಲ್ಲಿ ಕೂರುವ ಲೇಖಕರೂ ಬಹುತೇಕ ನಮ್ಮ ಹಾಗೇ ಸದಸ್ಯತ್ವದ ಹಣ ಕಟ್ಟಿ ಬಂದಿರುತ್ತಾರೆ. ಬ್ಯಾಡ್ಜ್ ಕೊಡುವವರು, ಕುರ್ಚಿ ಜೋಡಿಸುವವರು, ಎಲ್ಲರೂ ಸಂಬಳ ಇಲ್ಲದೆ ದುಡಿಯುವ ಓದುಗರು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಸುಮಾರು ಇನ್ನೂರು ಜನ ಸೇರಿ ಶುರುಮಾಡಿದ್ದು ಇದು. ಯುದ್ಧದ ನಾಲ್ಕು ವರ್ಷ ಬಿಟ್ಟರೆ ಇವತ್ತಿಗೂ ಓದುಗರೇ ನಡೆಸುತ್ತಿದ್ದಾರೆ. ವೈಜ್ಞಾನಿಕ ಕಥೆ, ಕಾದಂಬರಿಗಳಿಗೆ ಪ್ರತಿ ವರ್ಷ ಇಲ್ಲಿ ಕೊಡುವ ಹ್ಯೂಗೋ ಪ್ರಶಸ್ತಿಗೂ ಸದಸ್ಯರೇ ಮತ ಹಾಕುತ್ತಾರೆ, ತೀರ್ಪುಗಾರರ ಸಮಿತಿ ಇಲ್ಲ. ನಾನು ಹೋದ ವರ್ಷ ಕಾದಂಬರಿಯ ಹ್ಯೂಗೋ ಬಂದಿದ್ದು ಎಮಿಲಿ ಟೆಶ್ ಅವರಿಗೆ, ಅದೂ ಅವರ ಮೊದಲ ಕಾದಂಬರಿಗೆ. ಹೆಸರು ಕೂಗಿದಾಗ ಮನಿಲಾದ ಗೆಳತಿ ನನ್ನ ತೋಳನ್ನು ಎಷ್ಟು ಗಟ್ಟಿ ಹಿಡಿದಳೆಂದರೆ ಬೆಳಿಗ್ಗೆ ನೋಡಿದರೆ ಕೆಂಪಗೆ ಗುರುತು ಉಳಿದಿತ್ತು.

ನನಗೂ ಒಂದು ರೀಡಿಂಗ್ ಕೊಟ್ಟಿದ್ದರು. ಶನಿವಾರ ಬೆಳಿಗ್ಗೆ, ಸಣ್ಣ ಕೋಣೆ. ಅದೇ ಹೊತ್ತಿಗೆ ಪಕ್ಕದಲ್ಲಿ ದೊಡ್ಡ ಹೆಸರಿನವರ ಕಾರ್ಯಕ್ರಮ ಇತ್ತು. ನನ್ನ ಕೋಣೆಗೆ ಬಂದವರು ಏಳು ಜನ, ಅದರಲ್ಲಿ ನಾಲ್ವರು ನಮ್ಮವರೇ. ಕೆರೆಯ ಹೂಳಿನಲ್ಲಿ ಸಿಕ್ಕ ಯಂತ್ರದ ಕಥೆ ಓದಿದೆ. ಅದರ ಆರು ಕರಡುಗಳನ್ನು ಓದಿದ್ದವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಒಂದು ಕಡೆ, ಅಜ್ಜಿ ಆ ಯಂತ್ರಕ್ಕೆ ಅರಿಶಿನ ಹಚ್ಚುವ ಸಾಲು ಬಂದಾಗ, ಪೋಲೆಂಡಿನವಳ ತುಟಿ ನನ್ನ ಜೊತೆಗೇ ಆಡುತ್ತಿತ್ತು. ಅವಳಿಗೆ ಅದು ಬಾಯಿಪಾಠ ಆಗಿತ್ತು. ನಾನು ಬರೆದ ಸಾಲು ಇನ್ನೊಬ್ಬರ ಬಾಯಲ್ಲಿ ಇರುವುದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಗಂಟಲು ಕಟ್ಟಿತು, ಸ್ವಲ್ಪ ನೀರು ಕುಡಿದು ಮುಂದುವರಿಸಿದೆ. ಉಳಿದ ಮೂವರು ಅಪರಿಚಿತರಲ್ಲಿ ಒಬ್ಬ ಅಜ್ಜ ಆಮೇಲೆ ಬಂದು, ಅರಿಶಿನ ಯಾಕೆ ಹಚ್ಚುತ್ತಾರೆ ಅಂತ ಅರ್ಧ ಗಂಟೆ ಕೇಳಿಸಿಕೊಂಡರು.

ನನಗೆ ಎಲ್ಲಕ್ಕಿಂತ ಜಾಸ್ತಿ ಕೊಟ್ಟಿದ್ದು ಆ ರಾತ್ರಿ. ಹೋಟೆಲ್ ಲಾಬಿಯಲ್ಲಿ ಹನ್ನೊಂದು ದಾಟಿತ್ತು. ಒಂದು ಮೂಲೆಯಲ್ಲಿ ಯಾರೋ ಗಿಟಾರ್ ಹಿಡಿದು ರಾಕೆಟ್ಟುಗಳ ಮೇಲೆ ಕಟ್ಟಿದ ಹಾಡು ಹೇಳುತ್ತಿದ್ದರು. ಇಂಥ ಹಾಡಿಗೆ ಫಿಲ್ಕ್ ಅನ್ನುತ್ತಾರೆ. ಫೋಕ್ ಅಂತ ಬರೆಯಲು ಹೋಗಿ ಯಾವಾಗಲೋ ಆದ ಅಚ್ಚಿನ ತಪ್ಪು, ಅದೇ ಹೆಸರು ನಿಂತಿತು. ಮೇಷ್ಟ್ರು ನನ್ನನ್ನು ಕೇಳಿದರು, ನಿನ್ನ ಭಾಷೆಯಲ್ಲಿ ಇಂಥ ಕಥೆಗಳು ಇವೆಯಾ ಅಂತ. ನಾಲ್ಕು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆದ ರಾಜಶೇಖರ ಭೂಸನೂರಮಠರ ಬಗ್ಗೆ ಹೇಳಿದೆ. ಆಮೇಲೆ ತೇಜಸ್ವಿಯವರ ಕರ್ವಾಲೊ. ಅದನ್ನು ವೈಜ್ಞಾನಿಕ ಕಾದಂಬರಿ ಅನ್ನಬೇಕೋ ಬೇಡವೋ ಅಂತ ವಾದ ಮಾಡಬಹುದು, ನನಗಂತೂ ಆ ವಾದದಲ್ಲಿ ಆಸಕ್ತಿ ಇಲ್ಲ. ಒಬ್ಬ ವಿಜ್ಞಾನಿ, ಊರಿನ ಮಂದಣ್ಣ, ಒಂದು ನಾಯಿ, ಎಲ್ಲರೂ ಸೇರಿ ಮಲೆನಾಡಿನ ಕಾಡಿನಲ್ಲಿ ಹಾರುವ ಓತಿ ಹುಡುಕಿಕೊಂಡು ಹೋಗುವುದು, ಕೊನೆಗೆ ಅದು ಕಣಿವೆಯ ಕಡೆ ತೇಲಿಕೊಂಡು ಹೋಗಿಬಿಡುವುದು, ಇಷ್ಟನ್ನು ನೆನಪಿನಿಂದಲೇ ಹೇಳಿದೆ. ಯಾರೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ ಮನಿಲಾದವಳು ಕೇಳಿದಳು, ಹಾಗಾದರೆ ನೀನು ಇಂಗ್ಲಿಷ್‌ನಲ್ಲಿ ಮಾತ್ರ ಯಾಕೆ ಬರೆಯುತ್ತೀಯ?

ನನ್ನ ಹತ್ತಿರ ಉತ್ತರ ಇರಲಿಲ್ಲ. ಊರಿಗೆ ಬಂದು ಆ ಕೆರೆಯ ಕಥೆಯನ್ನು ಮೊದಲಿನಿಂದ ಕನ್ನಡದಲ್ಲಿ ಬರೆದೆ. ಅನುವಾದ ಮಾಡಲಿಲ್ಲ, ಮತ್ತೆ ಬರೆದೆ. ಅಜ್ಜಿ ಈಗ ಹಾಸನದ ಕಡೆಯವರ ಹಾಗೆ ಮಾತಾಡುತ್ತಾಳೆ, ಕಥೆ ಎರಡು ಪುಟ ಬೆಳೆದಿದೆ, ಇಂಗ್ಲಿಷ್‌ನಲ್ಲಿ ಹೊರಗೆ ಉಳಿದಿದ್ದ ನೀರುಗಂಟಿ ಒಳಗೆ ಬಂದಿದ್ದಾನೆ.

ನೀವು ಒಬ್ಬರೇ ಹೋಗುವುದಾದರೆ ಒಂದು ದಾರಿ ಇದೆ. ಅಲ್ಲಿಗೆ ಹೋದ ಕೂಡಲೇ ಸ್ವಯಂಸೇವಕರ ಮೇಜಿಗೆ ಹೋಗಿ ಹೆಸರು ಕೊಡಿ. ಎರಡು ಗಂಟೆ ಬಾಗಿಲು ಕಾದರೂ ಸಾಕು, ಜೊತೆಗೆ ನಿಂತವರ ಪರಿಚಯ ಆಗುತ್ತದೆ. ಇನ್ನು ಅಲ್ಲಿ ಹಳಬರು ಹೊಸಬರಿಗೆ ಹೇಳುವ ಒಂದು ಲೆಕ್ಕ ಇದೆ: ದಿನಕ್ಕೆ ಕನಿಷ್ಠ 5 ಗಂಟೆ ನಿದ್ದೆ, 2 ಊಟ, 1 ಸ್ನಾನ. ದಯವಿಟ್ಟು ಪಾಲಿಸಿ. ನಾನು ನಿದ್ದೆ ಬಿಟ್ಟು, ವಾಪಸ್ ಬಂದ ಮೇಲೆ ಒಂದು ವಾರ ಜ್ವರದಲ್ಲಿ ಮಲಗಿದ್ದೆ. ಮಾಸ್ಕ್ ಇಟ್ಟುಕೊಳ್ಳಿ. ದುಡ್ಡು ಆಗದಿದ್ದರೆ ಆನ್‌ಲೈನ್ ಸದಸ್ಯತ್ವ ಇದೆಯಾ ನೋಡಿ, ಗ್ಲಾಸ್ಗೋದಲ್ಲಿ ಇತ್ತು. ಮಾರಾಟದ ಹಾಲ್‌ನಲ್ಲಿ ಪುಸ್ತಕ ಕೊಳ್ಳಲು ಸೂಟ್‌ಕೇಸ್‌ನಲ್ಲಿ ಜಾಗ ಬಿಟ್ಟುಕೊಳ್ಳಿ.

2026ರದ್ದು ಅಮೆರಿಕದ ಅನಹೈಮ್‌ನಲ್ಲಿ, 2027ರದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ವೀಸಾಗೆ ಎಷ್ಟು ತಿಂಗಳು ಹಿಡಿಯುತ್ತದೆ ಅಂತ ಮೊದಲು ನೋಡಿ, ಟಿಕೆಟ್ ಆಮೇಲೆ. ನಾವು ಐದೂ ಜನ ಮಾಂಟ್ರಿಯಲ್‌ಗೆ ದುಡ್ಡು ಕೂಡಿಡುತ್ತಿದ್ದೇವೆ. ನೀವು ಬಂದರೆ ನಮ್ಮ ಜೊತೆ ಊಟಕ್ಕೆ ಕೂರಿ, ನಿಮ್ಮ ಕಥೆಯನ್ನೂ ತನ್ನಿ.